ದೊಡ್ಡ ಪೀಪಾಯಿ, ಸಣ್ಣ ಪಾಕ: ಮನೆ ಬಿಯರ್ ಎಂಬ ಹುದುಗು ಪ್ರಶ್ನೆ

ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಶಿರೋಳ ಮತ್ತು ಅದರ ಸುತ್ತಲಿನ ಎರೆಭೂಮಿಯ ಊರುಗಳಿಗೆ ಹುದುಗುವಿಕೆ ಹೊಸ ವಿದ್ಯೆಯಲ್ಲ. ಚಳಿಗಾಲ ಬಂದಿತೆಂದರೆ ಸೌತೆಕಾಯಿ, ಗಜ್ಜರಿ, ಹಸಿಮೆಣಸಿನಕಾಯಿಗಳನ್ನು ಹೆಚ್ಚಿ, ಅಗಸಿ ಮತ್ತು ಸಾಸಿವೆ ಪುಡಿ, ಉಪ್ಪು ಬೆರೆಸಿ ಗಡಿಗೆಯಲ್ಲಿ ಹುಳಿಗೆ ಇಡುವ ಕರಿಂಡಿ ಈ ಭಾಗದ ಅಡುಗೆಮನೆಯ ಹೆಮ್ಮೆ. ಇದೇ ಜಿಲ್ಲೆಯ ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಲ್ಲಿ ಸಾವಿರಾರು ಜನರ ಎಲೆಗೆ ಖಡಕ್ ರೊಟ್ಟಿಯ ಜೊತೆಗೆ ಬೀಳುವುದೂ ಇದೇ ಕರಿಂಡಿ. ತರಕಾರಿಯನ್ನು ಹುದುಗಿಸಿದರೆ ಪ್ರಸಾದ, ಉದ್ದಿನ ಹಿಟ್ಟನ್ನು ಹುದುಗಿಸಿದರೆ ಉಪಾಹಾರ. ಆದರೆ ಧಾನ್ಯದ ರಸವನ್ನು ಅದೇ ಬಗೆಯಲ್ಲಿ, ಅದೇ ಅಡುಗೆಮನೆಯಲ್ಲಿ ಹುದುಗಿಸಿದರೆ? ಕರ್ನಾಟಕದ ಕಾನೂನಿನ ದೃಷ್ಟಿಯಲ್ಲಿ ಅದು ಅಪರಾಧ.

ಮನೆಯಲ್ಲಿಯೇ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವ ಹವ್ಯಾಸ ಕಳೆದ ಕೆಲವು ವರ್ಷಗಳಿಂದ ರಾಜ್ಯದ ನಗರಗಳಲ್ಲಿ ಸದ್ದಿಲ್ಲದೆ ಬೆಳೆದಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಒಣ ಹಾಪ್ಸ್ ಹೂವು, ಪೊಟ್ಟಣದ ಯೀಸ್ಟ್ ಇವೆಲ್ಲ ಅಂಚೆಯಲ್ಲಿ ಮನೆಬಾಗಿಲಿಗೆ ಬರುತ್ತವೆ. 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಕೊರೊನಾ ದಿಗ್ಬಂಧನದಿಂದಾಗಿ ರಾಜ್ಯದ ಮದ್ಯದಂಗಡಿಗಳು ಬಾಗಿಲು ಮುಚ್ಚಿದ್ದಾಗ ಈ ಕುತೂಹಲ ಇನ್ನಷ್ಟು ಹೆಚ್ಚಿತು. ಆ ಬಳಿಕ ಬಿಯರ್ ಮೇಲಿನ ತೆರಿಗೆಯೂ ಏರುತ್ತಲೇ ಹೋಯಿತು. 2023ರ ಜುಲೈ ಬಜೆಟ್‌ನಲ್ಲಿ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಏರಿತು; 2024ರಲ್ಲಿ ಅದು ಶೇ 195 ಮುಟ್ಟಿತು. ಅಂಗಡಿಯ ಬಾಟಲಿ ದುಬಾರಿಯಾದಷ್ಟೂ ಮನೆಯ ಪಾತ್ರೆಯತ್ತ ಕೆಲವರ ಕಣ್ಣು ಹೊರಳುವುದು ಸಹಜವೇ.

ಈ ಹವ್ಯಾಸಿಗಳು ಮೊದಲಿಗೆ ಎದುರಿಸುವ ಪ್ರಶ್ನೆ ಬಹಳ ಸಾಧಾರಣವಾದುದು. ಮಾಡುವುದು ಹದಿನೈದು–ಇಪ್ಪತ್ತು ಲೀಟರ್. ಕೈಗೆ ಸಿಗುವ ಡಬ್ಬಿ ಅರವತ್ತು ಲೀಟರಿನದು, ಇಲ್ಲವೇ ಇನ್ನೂರು ಲೀಟರಿನ ನೀಲಿ ಪೀಪಾಯಿ. ಅಷ್ಟು ದೊಡ್ಡ ಪಾತ್ರೆಯಲ್ಲಿ ಇಷ್ಟು ಸಣ್ಣ ಪಾಕ ಕೆಡದೆ ಉಳಿದೀತೇ? ಮೇಲ್ನೋಟಕ್ಕೆ ಇದು ಅಡುಗೆಮನೆಯ ಪ್ರಶ್ನೆ. ಒಳಹೊಕ್ಕು ನೋಡಿದರೆ, ರಾಜ್ಯದ ಅಬಕಾರಿ ವ್ಯವಸ್ಥೆಯ ಮುಂದಿರುವ ಪ್ರಶ್ನೆಯೂ ಇದೇ.

ದೋಸೆ ಹಿಟ್ಟು ಮತ್ತು ಉಪ್ಪಿನಕಾಯಿ ಭರಣಿ

ಪಾತ್ರೆಯ ಪ್ರಶ್ನೆಗೆ ಕನ್ನಡದ ಮನೆಗಳಲ್ಲಿ ಉತ್ತರ ಮೊದಲೇ ಇದೆ. ದೋಸೆ ಹಿಟ್ಟನ್ನು ರುಬ್ಬಿಡುವಾಗ ಪಾತ್ರೆಯ ಅರ್ಧದಷ್ಟು ಮಾತ್ರ ತುಂಬುತ್ತಾರೆ. ಬೆಳಗಿನ ಹೊತ್ತಿಗೆ ಉಬ್ಬಿ ಬರುವ ಹಿಟ್ಟಿಗೆ ಜಾಗ ಬೇಕು. ಉಪ್ಪಿನಕಾಯಿ ಭರಣಿಯನ್ನಾದರೋ ಕಂಠಪೂರ್ತಿ ತುಂಬಿ, ಮೇಲೆ ಎಣ್ಣೆ ನಿಲ್ಲಿಸುತ್ತಾರೆ. ಗಾಳಿ ತಾಗಿದರೆ ಬೂಷ್ಟು ಹಿಡಿಯುತ್ತದೆ. ಬಿಯರ್‌ಗೆ ಈ ಎರಡೂ ನಿಯಮಗಳು ಅನ್ವಯಿಸುತ್ತವೆ, ಆದರೆ ಒಂದಾದ ಮೇಲೊಂದು. ಹುದುಗು ಜೋರಾಗಿರುವ ಮೊದಲ ದಿನಗಳಲ್ಲಿ ಅದು ದೋಸೆ ಹಿಟ್ಟು; ಹುದುಗು ನಿಂತ ಮೇಲೆ ಅದು ಉಪ್ಪಿನಕಾಯಿ.

ಲೆಕ್ಕ ಹೀಗಿದೆ. ಶೇ 5ರಷ್ಟು ಮದ್ಯಸಾರವಿರುವ ಒಂದು ಲೀಟರ್ ಬಿಯರ್ ಹುದುಗುವಾಗ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ಅಂದರೆ 20 ಲೀಟರಿನ ಪಾಕದಿಂದ ಸುಮಾರು 400 ಲೀಟರ್ ಅನಿಲ. ಪಾತ್ರೆ 60 ಲೀಟರಿನದಾದರೆ ಪಾಕದ ಮೇಲೆ ಉಳಿಯುವ ಖಾಲಿ ಜಾಗ 40 ಲೀಟರ್; ಹೊರಬರುವ ಅನಿಲ ಅದರ ಹತ್ತು ಪಟ್ಟು. ಒಳಗಿದ್ದ ಗಾಳಿಯನ್ನು ಅದು ಬಹುಮಟ್ಟಿಗೆ ಹೊರದೂಡಿಬಿಡುತ್ತದೆ. ಮುಚ್ಚಳ ಬಿಗಿಯಾಗಿದ್ದು, ಅನಿಲ ಹೊರಹೋಗಲು ನೀರು ತುಂಬಿದ ಸಣ್ಣ ಕವಾಟವೊಂದಿದ್ದರೆ, ದೊಡ್ಡ ಪಾತ್ರೆ ಮೊದಲ ಹಂತದಲ್ಲಿ ಅಪಾಯವನ್ನೇನೂ ಉಂಟುಮಾಡುವುದಿಲ್ಲ. ನೊರೆ ಉಕ್ಕಿ ಚೆಲ್ಲುವ ಭಯವೂ ಇರುವುದಿಲ್ಲ.

ಅದೇ 20 ಲೀಟರನ್ನು 200 ಲೀಟರಿನ ಪೀಪಾಯಿಗೆ ಸುರಿದರೆ ಚಿತ್ರ ಬದಲಾಗುತ್ತದೆ. ಖಾಲಿ ಜಾಗ 180 ಲೀಟರ್. ಹೊರಬರುವ ಅನಿಲ ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು ಅಷ್ಟೇ. ಅನಿಲ ಮತ್ತು ಗಾಳಿ ಬೆರೆಯುತ್ತ ಹೊರಹೋಗುವುದರಿಂದ ಶೇಕಡಾ ಎರಡರ ಆಸುಪಾಸಿನಷ್ಟು ಆಮ್ಲಜನಕ ಒಳಗೇ ಉಳಿಯಬಹುದು. ಪೀಪಾಯಿಯ ತಳ ಅಗಲವಾದುದರಿಂದ ಪಾಕದ ಆಳ ಎಂಟು ಸೆಂಟಿಮೀಟರ್ ದಾಟುವುದಿಲ್ಲ. ಗಾಳಿಗೆ ತೆರೆದ ಮೇಲ್ಮೈ ದೊಡ್ಡದು, ಆಳ ಕಿರಿದು. ತಳದಲ್ಲಿ ಕೂರುವ ಯೀಸ್ಟಿನ ಗಷ್ಟು ಅಗಲಕ್ಕೆ ಹರಡಿಕೊಳ್ಳುವುದರಿಂದ ತಿಳಿ ಬಸಿದುಕೊಳ್ಳುವುದೂ ಕಷ್ಟ, ನಷ್ಟವೂ ಹೆಚ್ಚು.

ನಿಜವಾದ ತೊಂದರೆ ಶುರುವಾಗುವುದು ಹುದುಗು ನಿಂತ ಮೇಲೆ. ಆಗ ಒಳಗಿನಿಂದ ಅನಿಲ ಬರುವುದಿಲ್ಲ. ಒಮ್ಮೆ ಮುಚ್ಚಳ ತೆರೆದು ರುಚಿ ನೋಡಿದರೂ ಸಾಕು, ಖಾಲಿ ಜಾಗಕ್ಕೆ ಹೊಸ ಗಾಳಿ ತುಂಬಿಕೊಳ್ಳುತ್ತದೆ. ರಾತ್ರಿಯ ತಂಪಿಗೆ ಒಳಗಿನ ಅನಿಲ ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದೂ ಉಂಟು. ಆಮ್ಲಜನಕ ಸೇರಿದ ಬಿಯರ್ ಒದ್ದೆ ರಟ್ಟಿನ ವಾಸನೆಗೆ ತಿರುಗುತ್ತದೆ; ಅಸಿಟಿಕ್ ಬ್ಯಾಕ್ಟೀರಿಯಾ ಸೇರಿಕೊಂಡರೆ ವಿನೆಗರ್ ಆಗುತ್ತದೆ. ಆದ್ದರಿಂದ ಅನುಭವಿಗಳ ನಿಯಮ ಸರಳ: ಹುದುಗಿಸಲು ದೊಡ್ಡ ಪಾತ್ರೆ ಆದೀತು, ಕೂಡಿಡಲು ಆಗದು.

ಉತ್ತರ ಕರ್ನಾಟಕದ ಹವೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. ಏಲ್ ಬಗೆಯ ಬಿಯರ್‌ನ ಯೀಸ್ಟಿಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತಕರ. ಏಪ್ರಿಲ್‌ನಲ್ಲಿ ಗದಗ ಸೀಮೆಯ ಹಗಲು 38 ಡಿಗ್ರಿ ದಾಟುತ್ತದೆ. ದೊಡ್ಡ ಪ್ರಮಾಣದ ಪಾಕ ಹೊರಗಿನ ಬಿಸಿಯನ್ನು ನಿಧಾನವಾಗಿ ಹೀರಿ, ನಿಧಾನವಾಗಿ ಬಿಡುತ್ತದೆ. ಪೀಪಾಯಿಯ ತಳದಲ್ಲಿ ಹರಡಿಕೊಂಡ ತೆಳುವಾದ ಪಾಕ ಹಗಲಿನ ಬಿಸಿಗೂ ರಾತ್ರಿಯ ತಂಪಿಗೂ ಬೇಗ ಈಡಾಗುತ್ತದೆ. ಹೆಚ್ಚು ಬಿಸಿಯಲ್ಲಿ ಹುದುಗಿದ ಬಿಯರ್ ಘಾಟು ವಾಸನೆಯದಾಗಿ ತಲೆನೋವು ತರುತ್ತದೆಂಬುದು ಕುಡಿದವರ ದೂರು.

ಹಗೇವಿನ ಪಾಠ

ಪಾತ್ರೆ ದೊಡ್ಡದಾದಾಗ ರುಚಿಯ ಪ್ರಶ್ನೆಯ ಜೊತೆಗೆ ಪ್ರಾಣದ ಪ್ರಶ್ನೆಯೂ ಬರುತ್ತದೆ. ಇದನ್ನು ಶಿರೋಳ, ರೋಣ, ಗಜೇಂದ್ರಗಡ ಕಡೆಯ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೂಡಿಡುತ್ತಿದ್ದ ನಾಡು ಇದು. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಕೆಲ ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಕೆಳಗಿಳಿಸಿ, ಅದು ಆರದೆ ಉರಿದರೆ ಮಾತ್ರ ಮನುಷ್ಯರು ಇಳಿಯುವುದು ರೂಢಿ. ಉಸಿರಾಡುವ ಧಾನ್ಯ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ತಳದಲ್ಲಿ ನಿಂತು ಇಳಿದವನ ಜೀವ ತೆಗೆಯುತ್ತದೆ. ಈ ಎಚ್ಚರಿಕೆ ತಪ್ಪಿದ ಕಡೆಗಳಲ್ಲಿ ಒಬ್ಬನನ್ನು ಉಳಿಸಲು ಇಳಿದ ಇನ್ನೊಬ್ಬನೂ ಮರಳದೆ ಹೋದದ್ದುಂಟು.

ಬಿಯರ್ ಪೀಪಾಯಿಯಲ್ಲಿ ತುಂಬುವುದೂ ಇದೇ ಅನಿಲ. ಗಾಳಿಯಾಡುವ ಕೋಣೆಯಲ್ಲಿಟ್ಟ 20 ಲೀಟರಿನ ಪಾಕದಿಂದ ಮನೆಯವರಿಗೆ ಅಪಾಯ ಕಡಿಮೆ. ಆದರೆ ಆಳೆತ್ತರದ ತೊಟ್ಟಿಯೊಳಗೆ ತಲೆ ಬಗ್ಗಿಸಿ ತೊಳೆಯಲು ಹೋಗುವುದು, ಮುಚ್ಚಿದ ಸಣ್ಣ ಕೋಣೆಯಲ್ಲಿ ಹಲವು ಪೀಪಾಯಿಗಳನ್ನಿಟ್ಟು ಮಲಗುವುದು ಹಗೇವಿಗೆ ದೀಪವಿಲ್ಲದೆ ಇಳಿದಂತೆಯೇ ಸರಿ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕಾಗಿದೆ. ಕಳ್ಳಭಟ್ಟಿ ದುರಂತಗಳಲ್ಲಿ ಜನರನ್ನು ಕೊಂದದ್ದು ಮೆಥನಾಲ್. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಮಂದಿ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ 150ಕ್ಕೂ ಹೆಚ್ಚು ಮಂದಿ, 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ವಿಷಮದ್ಯಕ್ಕೆ ಬಲಿಯಾದರು. ಕೈಗಾರಿಕೆಗೆಂದು ತಯಾರಾದ ಮೆಥನಾಲನ್ನು ಅಗ್ಗದ ಮದ್ಯಕ್ಕೆ ಬೆರೆಸುವುದು ಇಂಥ ಸಾವುಗಳ ಸಾಮಾನ್ಯ ಕಾರಣ. ಧಾನ್ಯದಿಂದ ಹುದುಗಿಸಿ, ಭಟ್ಟಿ ಇಳಿಸದೆ ಕುಡಿಯುವ ಬಿಯರ್‌ನಲ್ಲಿ ಪ್ರಾಣ ತೆಗೆಯುವಷ್ಟು ಮೆಥನಾಲ್ ಉತ್ಪತ್ತಿಯಾಗದು. ಹುದುಗುವಿಕೆ ಬೇರೆ, ಭಟ್ಟಿ ಇಳಿಸುವುದು ಬೇರೆ, ಕಲಬೆರಕೆ ಬೇರೆ. ಮೂರರ ಅಪಾಯವೂ ಒಂದೇ ತೂಕದ್ದಲ್ಲ.

ಒಂದೇ ಅಳತೆಯ ಕಾನೂನು

ಕಾನೂನು ಮಾತ್ರ ಈ ಭೇದವನ್ನು ಎಣಿಸುವುದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾವುದೇ ಮದ್ಯವನ್ನು ತಯಾರಿಸುವಂತಿಲ್ಲ. ತಯಾರಿಕೆಗೆಂದು ಸಾಮಗ್ರಿ, ಪಾತ್ರೆ, ಸಲಕರಣೆ ಇಟ್ಟುಕೊಳ್ಳುವುದೂ ಶಿಕ್ಷಾರ್ಹ. ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಹುದುಗಿಸುವವರಿಗೆ ಪ್ರತ್ಯೇಕ ಅವಕಾಶವಿಲ್ಲ. ಸಣ್ಣ ಪ್ರಮಾಣದ ತಯಾರಿಕೆಗೆ ರಾಜ್ಯ ತೆರೆದಿಟ್ಟಿರುವ ಬಾಗಿಲೆಂದರೆ ಮೈಕ್ರೊಬ್ರೂವರಿ. 2010ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಪಬ್‌ಗಳಿಗೆ ದಿನಕ್ಕೆ 1,000 ಲೀಟರಿನ ಮಿತಿ ಇದೆ. ಕಾನೂನಿನ ಭಾಷೆಯಲ್ಲಿ ಅದೇ 'ಸಣ್ಣದು'. ಇಪ್ಪತ್ತು ಲೀಟರಿನವನಿಗೆ ಅಲ್ಲಿ ಜಾಗವಿಲ್ಲ. ಇನ್ನೂರು ಲೀಟರಿನ ಪೀಪಾಯಿಯೊಳಗೆ ಇಪ್ಪತ್ತು ಲೀಟರ್ ಪಾಕ ಸುರಿದಂತೆ, ಕಾಯ್ದೆಯೂ ಅಳತೆ ಮೀರಿದ ಪಾತ್ರೆಯಾಗಿದೆ. ಒಳಗೆ ಉಳಿಯುವ ಖಾಲಿ ಜಾಗದಲ್ಲಿ ಕೆಡುಕು ಬೆಳೆಯುತ್ತದೆ.

ಆ ಕೆಡುಕು ಯಾವುದೆಂಬುದು ಅಬಕಾರಿ ದಾಳಿಯ ಸುದ್ದಿಗಳನ್ನು ಓದುವವರಿಗೆ ಗೊತ್ತು. ಗದಗ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಬರುವ ಇಂಥ ಸುದ್ದಿಗಳ ಸಾಲು ಬಹುತೇಕ ಒಂದೇ: ಇಷ್ಟು ಲೀಟರ್ ಕಳ್ಳಭಟ್ಟಿ ಸಾರಾಯಿ ವಶ, ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ. ಸುದ್ದಿಯ ಸ್ಥಳ ಅನೇಕ ಸಲ ಒಂದು ತಾಂಡಾ, ಹಳ್ಳದ ದಂಡೆ ಅಥವಾ ಹೊಲದ ಬದು. ಹುದುಗುತ್ತಿರುವ ಬೆಲ್ಲದ ಕೊಳೆಯನ್ನು ಮುಂದೆ ಭಟ್ಟಿ ಇಳಿಸುವುದರಿಂದ ಇಲಾಖೆಯ ಕ್ರಮಕ್ಕೆ ಕಾರಣವಿದೆ. ಆದರೆ ನಗರದ ಅಪಾರ್ಟ್‌ಮೆಂಟಿನಲ್ಲಿ ಹುದುಗುವ ಬಾರ್ಲಿಯ ಪಾಕವನ್ನು ಚರಂಡಿಗೆ ಸುರಿದ ಸುದ್ದಿ ಓದಲು ಸಿಗುವುದು ವಿರಳ. ಕಾಯ್ದೆ ಇಬ್ಬರಿಗೂ ಒಂದೇ ಆಗಿದ್ದರೂ, ಅದು ಬಾಗಿಲು ತಟ್ಟುವ ಮನೆ ಬೇರೆ. ಒಬ್ಬನದು ಹವ್ಯಾಸವೆನಿಸುತ್ತದೆ, ಇನ್ನೊಬ್ಬನದು ಜಾತಿಗೇ ಅಂಟಿದ ಕಳಂಕವೆನಿಸುತ್ತದೆ.

ಕೊಡಗಿನ ಉದಾಹರಣೆ ಇನ್ನೂ ವಿಚಿತ್ರ. ಮಡಿಕೇರಿಯ ಪೇಟೆಯಲ್ಲಿ 'ಹೋಮ್‌ಮೇಡ್ ವೈನ್' ಫಲಕ ಪ್ರವಾಸಿಗರಿಗೆ ಚಿರಪರಿಚಿತ. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆಂದು ದ್ರಾಕ್ಷಿ ಹುದುಗಿಸುವುದೂ ಗುಟ್ಟೇನಲ್ಲ. ಸಮಾಜ ಒಪ್ಪಿಕೊಂಡ ಹುದುಗನ್ನು ಕಾನೂನು ನೋಡಿಯೂ ನೋಡದಂತಿದೆ. ಒಪ್ಪಿಕೊಳ್ಳದ್ದನ್ನು ಮಾತ್ರ ಹುಡುಕಿಕೊಂಡು ಹೋಗುತ್ತದೆ.

ಬೇರೆಡೆ ಏನಾಯಿತು?

ಇತರ ದೇಶಗಳೂ ಈ ಗೊಂದಲವನ್ನು ಹಾದುಬಂದಿವೆ. ಬ್ರಿಟನ್ 1963ರಲ್ಲಿ ಮನೆ ಬಿಯರ್‌ಗೆ ಬೇಕಿದ್ದ ಪರವಾನಗಿಯನ್ನು ರದ್ದು ಮಾಡಿತು. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಕೊನೆಗೊಂಡಾಗ ಮನೆಯ ವೈನ್‌ಗೆ ಸಿಕ್ಕ ಅವಕಾಶ ಬಿಯರ್‌ಗೆ ಸಿಗಲಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಆ ತಪ್ಪನ್ನು ಸರಿಪಡಿಸಿ, ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಮಿತಿ ವಿಧಿಸಿತು. ಮಾರಾಟಕ್ಕೆ ಅವಕಾಶ ಕೊಡಲಿಲ್ಲ. ಹಾಗಿದ್ದೂ ಅಲಬಾಮ ಮತ್ತು ಮಿಸಿಸಿಪಿ ರಾಜ್ಯಗಳು ಒಪ್ಪಿಕೊಳ್ಳಲು 2013 ಬರಬೇಕಾಯಿತು. ಭಟ್ಟಿ ಇಳಿಸುವುದನ್ನು ಮಾತ್ರ ಆ ಕಾಯ್ದೆ ಒಳಗೊಳ್ಳಲಿಲ್ಲ ಎಂಬುದು ಗಮನಾರ್ಹ.

ಭಾರತದಲ್ಲಿಯೂ ಮಾದರಿ ಇಲ್ಲದಿಲ್ಲ. ಮಧ್ಯಪ್ರದೇಶದಲ್ಲಿ ಆದಿವಾಸಿ ಕುಟುಂಬಗಳು ಸ್ವಂತ ಬಳಕೆಗಾಗಿ ನಿಗದಿತ ಮಿತಿಯಲ್ಲಿ ಮಹುವಾ ಮದ್ಯ ತಯಾರಿಸಲು ವಿನಾಯಿತಿ ಇದೆ. ಅಲ್ಲಿ ಸಮುದಾಯದ ಸಂಪ್ರದಾಯ ವಿನಾಯಿತಿಗೆ ಆಧಾರ. ಮನೆ ಬಳಕೆಗೂ ಮಾರಾಟಕ್ಕೂ ನಡುವೆ ಕಾನೂನು ಗೆರೆ ಎಳೆಯಲು ಸಾಧ್ಯ ಎಂಬುದನ್ನಂತೂ ಈ ಮಾದರಿ ತೋರಿಸುತ್ತದೆ.

ಹೆಣ್ಣುಮಕ್ಕಳ ಪ್ರಶ್ನೆ

ಇಷ್ಟಕ್ಕೇ ನಿಂತರೆ ಈ ವಿಚಾರ ನಗರದ ಹವ್ಯಾಸಿಗಳ ಅಹವಾಲಾಗಿ ಉಳಿದೀತು. ಹಳ್ಳಿಯ ಹೆಣ್ಣುಮಕ್ಕಳ ಮಾತನ್ನು ಕೇಳದೆ ಅಬಕಾರಿ ನೀತಿಯ ಚರ್ಚೆ ಪೂರ್ಣವಾಗದು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಜಾರಿಗೆ ಬಂತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್‌ಗಳ ಸಣ್ಣ ಪೊಟ್ಟಣ ಬಂತು. ಕಿರಾಣಿ ಅಂಗಡಿ, ಪಾನ್ ಡಬ್ಬಿ, ಚಹಾದಂಗಡಿಗಳಲ್ಲಿ ಕದ್ದು ಮಾರುವ ದಂಧೆ ಹಳ್ಳಿಗಳನ್ನು ಹೊಕ್ಕಿತು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದದ್ದನ್ನು ನಾಡು ಮರೆತಿಲ್ಲ.

ಅವರ ಕಣ್ಣಿನಿಂದ ನೋಡಿದರೆ ಮನೆಯಲ್ಲೇ ಬಿಯರ್ ತಯಾರಿಸಲು ಅನುಮತಿ ಎಂದರೆ ಕೂಲಿಯ ದುಡ್ಡು ಕರಗಲು ಇನ್ನೊಂದು ದಾರಿ. 'ಇದು ಮನೆ ಬಳಕೆಗೆ' ಎಂಬ ಮಾತಿನ ಮರೆಯಲ್ಲಿ ಬೆಲ್ಲದ ಕೊಳೆಯ ಪೀಪಾಯಿಗಳು ರಾಜಾರೋಷವಾಗಿ ನಿಂತಾವು ಎಂಬ ಅವರ ಆತಂಕ ಸುಳ್ಳಲ್ಲ. ಕುಡಿತದ ಮನೆಯಲ್ಲಿ ಪಾತ್ರೆ ಅಡುಗೆಮನೆಗೇ ಬಂದು ಕುಳಿತರೆ, ಅದನ್ನು ತೊಳೆಯಬೇಕಾದವಳೂ, ಅದರ ಫಲವನ್ನು ಉಣ್ಣಬೇಕಾದವಳೂ ಅವಳೇ. ಸಂವಿಧಾನದ 47ನೇ ವಿಧಿ ಪಾನನಿಷೇಧದತ್ತ ಸಾಗುವಂತೆ ರಾಜ್ಯಗಳಿಗೆ ನಿರ್ದೇಶನ ನೀಡಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಆದರೆ ಅದೇ ರಾಜ್ಯ 2025–26ರ ಸಾಲಿಗೆ ಅಬಕಾರಿಯಿಂದ 40,000 ಕೋಟಿ ರೂ. ವರಮಾನದ ಗುರಿ ಇಟ್ಟುಕೊಂಡಿತ್ತು. ಒಂದು ಕೈಯಲ್ಲಿ ಗುರಿ, ಇನ್ನೊಂದು ಕೈಯಲ್ಲಿ ನಿರ್ದೇಶಕ ತತ್ವ. ಹೀಗಿರುವಾಗ ಮನೆ ಬಿಯರ್‌ಗೆ ಸರ್ಕಾರದ ವಿರೋಧ ಆರೋಗ್ಯದ ಕಾಳಜಿಯಿಂದಲೋ ಬೊಕ್ಕಸದ ಕಾಳಜಿಯಿಂದಲೋ ಎಂಬ ಸಂಶಯ ಹುಟ್ಟಿದರೆ ಅದಕ್ಕೆ ಸರ್ಕಾರವೇ ಹೊಣೆ.

ತಕ್ಕ ಅಳತೆಯ ಪಾತ್ರೆ

ಹಾಗಾದರೆ ದಾರಿ ಯಾವುದು? ಮೊದಲನೆಯದು, ಹುದುಗಿಸುವುದನ್ನೂ ಭಟ್ಟಿ ಇಳಿಸುವುದನ್ನೂ ಕಾಯ್ದೆ ಬೇರೆ ಬೇರೆಯಾಗಿ ಕಾಣಬೇಕು. ಎರಡಕ್ಕೂ ಒಂದೇ ದಂಡ ವಿಧಿಸುವ ಕಾನೂನು, ಕಡಿಮೆ ಅಪಾಯದ ಕೆಲಸದಿಂದ ಹೆಚ್ಚು ಅಪಾಯದ ಕೆಲಸಕ್ಕೆ ಹೋಗುವವನನ್ನು ತಡೆಯುವುದಿಲ್ಲ. ಹೇಗೂ ಶಿಕ್ಷೆ ಒಂದೇ ಎಂದಾದಾಗ ಲಾಭ ಹೆಚ್ಚಿರುವ ಕಡೆಗೆ ಅವನು ವಾಲುತ್ತಾನೆ.

ಎರಡನೆಯದು, ವಿನಾಯಿತಿ ಕೊಡುವುದೇ ಆದರೆ ಅದು ಲೀಟರಿನ ಲೆಕ್ಕದಲ್ಲಿರಬೇಕು, ವಯಸ್ಕರಿಗೆ ಮಾತ್ರ ಸಲ್ಲಬೇಕು, ಮಾರಾಟವನ್ನು ಸಂಪೂರ್ಣ ಹೊರಗಿಡಬೇಕು. ಪಾತ್ರೆಯ ಗಾತ್ರಕ್ಕೂ ಮಿತಿ ಇರುವುದು ವಿವೇಕ. ಇಪ್ಪತ್ತು ಲೀಟರ್ ಮಾಡುವವನಿಗೆ ಇನ್ನೂರು ಲೀಟರಿನ ಪೀಪಾಯಿಯ ಅಗತ್ಯವಿಲ್ಲವೆಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಒಳ್ಳೆಯ ಬಿಯರ್ ಬೇಕಾದವನು ಸಣ್ಣ ಪಾತ್ರೆಯನ್ನೇ ಬಯಸುತ್ತಾನೆ. ದೊಡ್ಡ ಪೀಪಾಯಿಯನ್ನು ಅರಸುವವನ ಉದ್ದೇಶವನ್ನು ಪ್ರಶ್ನಿಸಲು ಇಲಾಖೆಗೆ ಆಗ ನ್ಯಾಯವಾದ ಕಾರಣ ಸಿಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇಂಥ ಯಾವ ಸಡಿಲಿಕೆಯೂ ಹಳ್ಳಿಯ ಮೇಲೆ ಬೆಂಗಳೂರಿನಿಂದ ಇಳಿದುಬರಬಾರದು. ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳು ಬೇಡವೆಂದ ಊರಿಗೆ ಅದು ಅನ್ವಯಿಸಕೂಡದು. ಕದ್ದು ಮಾರುವ ಕಿರಾಣಿ ಅಂಗಡಿಯ ಮೇಲೆ ಕ್ರಮ ಕೈಗೊಳ್ಳದ ವ್ಯವಸ್ಥೆ ಮನೆ ಬಿಯರ್‌ನ ಮಿತಿಯನ್ನು ಕಾಯುತ್ತದೆಂದು ಅವರು ನಂಬಲು ಕಾರಣವಿಲ್ಲ. ಆ ನಂಬಿಕೆಯನ್ನು ಮೊದಲು ಗಳಿಸಬೇಕಾದದ್ದು ಸರ್ಕಾರದ ಕೆಲಸ. ಭಟ್ಟಿಯನ್ನೇ ನೆಚ್ಚಿ ಬದುಕಿದ ಕುಟುಂಬಗಳಿಗೆ ಬೇರೆ ದುಡಿಮೆ ತೋರಿಸದೆ ಕೊಳೆಯನ್ನಷ್ಟೇ ಚೆಲ್ಲುತ್ತ ಹೋದರೆ, ಅದು ಮುಂದಿನ ವಾರ ಇನ್ನೊಂದು ಹಳ್ಳದಲ್ಲಿ ಹುದುಗುತ್ತದೆ.

ಇಂದಿನ ಸ್ಥಿತಿಯಂತೂ ಯಾರಿಗೂ ಹಿತವಲ್ಲ. ನಗರದಲ್ಲಿ ಕಣ್ಣು ಮುಚ್ಚಿ, ತಾಂಡಾದಲ್ಲಿ ಕಣ್ಣು ತೆರೆಯುವ ಕಾನೂನು ನ್ಯಾಯವನ್ನೂ ಕಾಯುವುದಿಲ್ಲ, ಆರೋಗ್ಯವನ್ನೂ ಕಾಯುವುದಿಲ್ಲ. ಕದ್ದು ಮಾಡುವವನು ಕೇಳಿ ಕಲಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಪೀಪಾಯಿ ಇಡಬಾರದೆಂಬ ಸಣ್ಣ ಎಚ್ಚರಿಕೆಯೂ ಅವನನ್ನು ತಲುಪುವುದಿಲ್ಲ. ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುವ ವಿವೇಕವನ್ನು ಈ ನೆಲ ಎಂದೋ ಕಲಿತಿತ್ತು. ಅಬಕಾರಿ ನೀತಿಯನ್ನು ರೂಪಿಸುವವರೂ ಒಮ್ಮೆ ಆ ದೀಪವನ್ನು ತಮ್ಮ ಕಾಯ್ದೆಯೊಳಕ್ಕೆ ಇಳಿಸಿ ನೋಡಬೇಕಾದ ಕಾಲ ಬಂದಿದೆ.